ಮೊದಲ ಆರತಿಯ ಮನೆ

ದೊಡ್ಡಮುನಿಯಪ್ಪನವರ ಮನೆಯೊಳಗೆ ಒಂದು ಹೆಸರು ಎಷ್ಟು ಸಲ ಕೇಳಿಬರುತ್ತಿತ್ತೆಂದರೆ, ಗುರುತಿಲ್ಲದವರು ಯಾರಾದರೂ ಸ್ವಲ್ಪ ಹೊತ್ತು ಕುಳಿತಿದ್ದರೆ ಆ ಹೆಸರಿನವನೇ ಮನೆಯ ಯಜಮಾನನೆಂದು ತಿಳಿದುಕೊಂಡು ಹೋಗುವ ಸಂಭವವಿತ್ತು. ಮೊಮ್ಮಗಳು ಹಂಸ ಬೆಳಿಗ್ಗೆ ಹಾಲಿನ ಲೋಟವನ್ನು ಪಕ್ಕಕ್ಕೆ ಸರಿಸುವಾಗ, ಓಟಕ್ಕೆ ಮುಂಚೆ ಹಾಲು ಬೇಡವೆಂದು ಮಲ್ಲಪ್ಪ ಸರ್ ಹೇಳಿದ್ದಾರೆ ಎನ್ನುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ, ರಾಗಿಮುದ್ದೆ ಬಹಳ ಒಳ್ಳೆಯದೆಂದು ಮಲ್ಲಪ್ಪ ಸರ್ ಹೇಳಿದ್ದಾರೆ ಎನ್ನುತ್ತಿದ್ದಳು. ಅವಳಿಗೆ ಹಲ್ಲು ಬಂದ ದಿನದಿಂದ ಮುದ್ದೆ ತಿನ್ನೆಂದು ಗೋಗರೆದವರು ತಾತ. ಅದು ಒಳ್ಳೆಯದೆಂದು ಅವಳಿಗೆ ಮನವರಿಕೆಯಾದದ್ದು ಮಾತ್ರ ಗದಗಿನ ಕಡೆಯಿಂದ ಬಂದು, ಅವರದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮನುಷ್ಯನ ಬಾಯಿಂದ.

ಮಲ್ಲಪ್ಪ ಜೀವನ್ ಬಿಮಾ ನಗರದ ಒಂದು ಕಚೇರಿಯಲ್ಲಿ ಮೇಲ್ವಿಚಾರಕ. ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವನು. ಕಗ್ಗದಾಸಪುರಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ ಬೀದಿಯ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಆಟ ಕಲಿಸತೊಡಗಿದ್ದ. ಅಂಗಳವಿರಲಿಲ್ಲ, ಬೀದಿಯೇ ಅಂಗಳ. ಹಂಸಳ ಸಹಪಾಠಿ ಸಕ್ಲೇನ್‌ನ ಮಾವನಿಗೆ ಶಿವಾಜಿನಗರದಲ್ಲಿ ಗುಜರಿ ಅಂಗಡಿಯಿತ್ತು. ಅವನು ಹಳೆಯ ಕಾರೊಂದರ ಅಚ್ಚು ಮತ್ತು ಚಕ್ರಗಳ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ತುದಿಗೆ ಚೆಂಡು ಹಾಕುವ ಬಳೆ ಬೆಸೆದು ಕೊಟ್ಟಿದ್ದ. ಸಂಜೆಯಾಯಿತೆಂದರೆ ಆ ಕಂಬ ಗಡಗಡ ಸದ್ದು ಮಾಡುತ್ತ ಬೀದಿಗೆ ಬರುತ್ತಿತ್ತು.

"ತಾತಾ, ಕಾಲು ಸ್ವಲ್ಪ ಒಳಗೆ ತಗೊಳ್ಳಿ. ಕಂಬ ಬರ್ತಾ ಇದೆ," ಎಂದು ಸಕ್ಲೇನ್ ಕೂಗುತ್ತಿದ್ದ.

ಗೇಟಿನ ಬಳಿ ಕುರ್ಚಿ ಹಾಕಿ ಕುಳಿತಿರುತ್ತಿದ್ದ ದೊಡ್ಡಮುನಿಯಪ್ಪನವರು ಒಂದು ಸಂಜೆ ಕಾಲನ್ನು ಒಳಗೆ ತೆಗೆದುಕೊಳ್ಳಲಿಲ್ಲ. "ನಮ್ ಕಾಲದಾಗೆ ಕಂಬ ಆಟಗಾರರ ತಾವ್ಕೆ ಬರ್ತಿರ್ನಿಲ್ಲ ಕಣಪ್ಪ. ಆಟಗಾರ್ರೇ ಕಂಬದ ತಾವ್ಕೆ ಹೋಗ್ತಿದ್ರು," ಎಂದರು.

"ಯಾವ ಆಟ ತಾತಾ?"

"ಬಾಲ್ ಬ್ಯಾಡ್ಮಿಂಟನ್. ಒಂದೊಂದ್ ಕಡೆ ಐದೈದ್ ಜನ. ಹಳದಿ ಉಲ್ಲನ್ ಚೆಂಡು."

"ಸ್ವೆಟರ್ ಹಾಕಿರೋ ಚೆಂಡಾ? ಹಾಗಾದ್ರೆ ಚಳಿಗಾಲಕ್ಕೆ ಮಾತ್ರ ಆಡ್ತಿದ್ರೇನೋ, ಮಗಾ!" ಎಂದು ಸಕ್ಲೇನ್ ಗೆಳೆಯರತ್ತ ತಿರುಗಿದ. ಬೀದಿಗೆ ಬೀದಿಯೇ ನಕ್ಕಿತು. ಹಂಸ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡಳು, ಆದರೆ ಅವಳ ಭುಜಗಳು ಕುಣಿಯುತ್ತಿದ್ದುದು ತಾತನಿಗೆ ಕಂಡಿತು.

ಮಲ್ಲಪ್ಪ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಮುಂದೆ ಬಂದ. "ಏ, ನಗಬ್ಯಾಡ್ರಿ. ಆ ಆಟ ಆಡಾಕ ಎಂಥಾ ಕಣ್ಣು ಬೇಕು ಗೊತ್ತೈತೇನು ನಿಮಗ? ಯಜಮಾನ್ರ, ಒಂದಿನ ನಮಗೂ ಕಲಸ್ರಲಾ."

ನಗು ಥಟ್ಟನೆ ನಿಂತಿತು. ಅದೇ ದೊಡ್ಡಮುನಿಯಪ್ಪನವರಿಗೆ ಸಹಿಸಲಾಗದ ಸಂಗತಿಯಾಯಿತು. ನಕ್ಕವರನ್ನು ಕ್ಷಮಿಸಬಹುದಿತ್ತು, ಒಂದೇ ಮಾತಿಗೆ ಆ ನಗುವನ್ನು ನಿಲ್ಲಿಸಬಲ್ಲವನನ್ನು ಕ್ಷಮಿಸುವುದು ಹೇಗೆ? ಅವರು ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದರು. ನಡುಮನೆಯ ಗೋಡೆಯ ಮೇಲೆ ಅವರ ರ‍್ಯಾಕೆಟ್ ತೂಗುತ್ತಿತ್ತು. ಊರಿನ ತಂಡಕ್ಕೆ ಅವರು ನಾಯಕರಾಗಿದ್ದಾಗ ಹಲಸೂರಿನವರೂ ಕೆ.ಆರ್. ಪುರದವರೂ ಗುಂಡುತೋಪಿಗೆ ಬಂದು ಸೋತು ಹೋಗಿದ್ದರು. ಹಂಸ ಚಿಕ್ಕವಳಿದ್ದಾಗ ಆ ರ‍್ಯಾಕೆಟ್ಟನ್ನು ಇಳಿಸಿಕೊಡೆಂದು ಹಟ ಮಾಡುತ್ತಿದ್ದಳು. ಈಗ ಅದರ ಮೊಳೆಗೇ ಅವಳು ತನ್ನ ಬೂಟಿನ ಚೀಲವನ್ನೂ ನೇತುಹಾಕಿದ್ದಳು.

ಊರಿನ ಗುಂಡುತೋಪು ಮನೆಯ ಹಿಂದಿನ ಬೀದಿಯಲ್ಲಿತ್ತು. ಒಂದು ಕಾಲಕ್ಕೆ ದನಕರುಗಳು ನೆರಳಿಗೆ ನಿಲ್ಲುತ್ತಿದ್ದ, ಎಲ್ಲರಿಗೂ ಸೇರಿದ ಮಾವು ಹುಣಸೆಗಳ ಜಾಗ. ಮರಗಳು ಹೋಗಿ, ಈಗ ಕಸ ಮತ್ತು ಮುರಿದ ಇಟ್ಟಿಗೆ ತುಂಬಿಕೊಂಡಿತ್ತು. ಅಲ್ಲೊಂದು ಸಮುದಾಯ ಕ್ರೀಡಾಕೇಂದ್ರ ಆಗಬೇಕೆಂಬುದು ಮಕ್ಕಳ ಬೇಡಿಕೆ. ಅದಕ್ಕೆ ಜನರ ಬೆಂಬಲ ಕೂಡಿಸಲೆಂದೇ ತೋಪಿನ ಪಕ್ಕದ ಬೀದಿಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸುವುದೆಂದು ಮಲ್ಲಪ್ಪ ನಿಶ್ಚಯಿಸಿದ್ದ. ಆದರೆ ತೋಪಿನ ಪಶ್ಚಿಮಕ್ಕೆ ಬಹುಮಹಡಿ ಕಟ್ಟುತ್ತಿದ್ದ ಒಬ್ಬ ಬಿಲ್ಡರ್, ರಸ್ತೆಯವರೆಗಿನ ಜಾಗವೆಲ್ಲ ತನ್ನದೇ ಎನ್ನುತ್ತಿದ್ದ.

"ಸರ್ವೆ ಮೇಡಮ್ ಭಾನುವಾರ ಬರ್ತಾರಂತೆ ತಾತ," ಎಂದು ಹಂಸ ಊಟದ ನಡುವೆ ಹೇಳಿದಳು. "ನಕ್ಷೆ ಇದೆ, ಆದ್ರೆ ಮೂಲೆ ಕಲ್ಲುಗಳೆಲ್ಲ ರಸ್ತೆ, ಚರಂಡಿ ಕೆಳಗೆ ಹೂತುಹೋಗಿವೆ. ಒಂದೇ ಒಂದು ಹಳೇ ಎಲ್ಲೆಕಲ್ಲು ತೋರ್ಸಿದ್ರೆ ಸಾಕು, ಅಲ್ಲಿಂದ ಅಳೀತೀವಿ ಅಂದ್ರು. ನಿಮಗೆ ಗೊತ್ತಿರ್ಬೇಕಲ್ವಾ?"

ದೊಡ್ಡಮುನಿಯಪ್ಪನವರ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲೇ ನಿಂತಿತು. "ನಿಮ್ ಮಲ್ಲಪ್ಪ ಸಾರ್ನೇ ಕೇಳಮ್ಮಿ. ಅವ್ರಿಗೆ ಗೊತ್ತಿಲ್ದೇ ಇರೋದು ಏನೈತೆ ಈ ಊರ್ನಾಗೆ?"

"ತಾತ, ಸರ್ ಗದಗ್‌ನೋರು. ಅವರಿಗೆ ಹೇಗೆ ಗೊತ್ತಿರತ್ತೆ?"

"ಹಂಗಂತ ನೆಪ್ಪಾಯ್ತಲ್ಲ ನಿಂಗೆ, ಸದ್ಯ."

ಹಂಸ ಎದ್ದು ಕೈ ತೊಳೆದುಕೊಂಡಳು.

ಕಲ್ಲು ಎಲ್ಲಿದೆಯೆಂಬುದು ಅವರಿಗೆ ಗೊತ್ತಿತ್ತು. ಬದುಕಿದ್ದವರ ಪೈಕಿ ಅವರೊಬ್ಬರಿಗೇ ಗೊತ್ತಿತ್ತು. ತೋಪಿನ ಪಶ್ಚಿಮದ ತುದಿಯಲ್ಲಿ, ಬಿಲ್ಡರನ ತಗಡಿನ ಬೇಲಿಗೆ ತಾಗಿದಂತೆ ಒಂದು ಬೇವಿನ ಮರವಿದೆ. ಅದರ ಬುಡದಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡು, ಬೆಳ್ಳಿಯ ಕಣ್ಣಿಟ್ಟುಕೊಂಡು ಪಟಾಲಮ್ಮ ಕುಳಿತಿದ್ದಾಳೆ. ಬಹಳ ಹಿಂದೆ, ಅಕ್ಕಪಕ್ಕದ ಹೊಲದವರು ಎಲ್ಲೆಕಲ್ಲುಗಳನ್ನು ಕಿತ್ತು ತೋಪಿನೊಳಕ್ಕೆ ಸರಿಸತೊಡಗಿದ ಕಾಲದಲ್ಲಿ, ದೊಡ್ಡಮುನಿಯಪ್ಪನವರ ತಂದೆ ಒಂದು ಉಪಾಯ ಮಾಡಿದ್ದರು. ಒಂದು ಮುಂಜಾನೆ ಪಶ್ಚಿಮದ ಮೂಲೆಯ ಕಲ್ಲಿಗೆ ಅರಿಶಿನ ಬಳಿದು, ದೇವಿ ಕನಸಿನಲ್ಲಿ ಬಂದು ತಾನು ಇಲ್ಲಿದ್ದೇನೆಂದಳು ಎಂದು ಊರಿಗೆ ಸಾರಿದ್ದರು. ಅಂದಿನಿಂದ ಆ ಕಲ್ಲನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ತೋಪು ಉಳಿಯಿತು. ಅದರ ಜೊತೆಗೆ ಒಂದು ಗೌರವವೂ ಮನೆಗೆ ಬಂತು: ಊರಹಬ್ಬದಂದು ಬೇವಿನ ಬುಡದಲ್ಲಿ ಮೊದಲ ತಂಬಿಟ್ಟಿನ ಆರತಿ ದೇವಿ ಕನಸಿಗೆ ಬಂದ ಮನೆಯದು. ದೊಡ್ಡಮುನಿಯಪ್ಪನವರ ಹೆಂಡತಿ ಮುನಿಲಕ್ಷ್ಮಮ್ಮನವರು ಆರತಿ ಹೊತ್ತು ಬರುವವರೆಗೆ ಊರಿನ ಉಳಿದ ಹೆಂಗಸರು ತಟ್ಟೆ ಹಿಡಿದು ಕಾಯುತ್ತಿದ್ದರು. ಹೊಲಗಳು ನಿವೇಶನಗಳಾಗಿ, ನಿವೇಶನಗಳು ಮಹಡಿಗಳಾಗಿ, ಊರು ತುಂಬ ಹೊಸಬರೇ ಆದ ಮೇಲೆ ದೊಡ್ಡಮುನಿಯಪ್ಪನವರಿಗೆ ಉಳಿದಿದ್ದ ಹಿರಿತನವೆಂದರೆ ಅದೊಂದೇ.

ಆ ಗುಟ್ಟನ್ನು ತಂದೆ ಅವರ ಕಿವಿಯಲ್ಲಿ ಮಾತ್ರ ಹೇಳಿದ್ದರು. ಅದನ್ನು ಒಡೆದರೆ ದೇವಿ ಕಲ್ಲಾಗುತ್ತಾಳೆ, ಕನಸು ಸುಳ್ಳಾಗುತ್ತದೆ, ಆರತಿಯ ಸರದಿ ಹೋಗುತ್ತದೆ. ಇಷ್ಟನ್ನೆಲ್ಲ ಕಳೆದುಕೊಂಡು ಗಳಿಸುವುದಾದರೂ ಏನನ್ನು? ಮಲ್ಲಪ್ಪನಿಗೊಂದು ಅಂಗಳವನ್ನು!

ಭಾನುವಾರಕ್ಕೆ ಎರಡು ದಿನ ಮುಂಚೆ ಮಲ್ಲಪ್ಪ ಹೆಂಡತಿ ವಿಮಲಾಕ್ಷಿಯೊಡನೆ ಕೆಳಗಿಳಿದು ಬಂದ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. "ಯಜಮಾನ್ರ, ನೀವು ಬಂದು ಮೊದಲನೇ ಚೆಂಡು ಒಗೀಬೇಕು. ಊರಿನ ಹಿರೇರು ನೀವು. ನೀವಿಲ್ದ ಪಂದ್ಯ ಶುರು ಆಗೂದಿಲ್ಲ," ಎಂದು ಬಾಗಿ ತಟ್ಟೆ ಚಾಚಿದ.

ಅವನು ಮರ್ಯಾದೆ ತಪ್ಪಿದ್ದರೆ ಎಷ್ಟು ಸುಲಭವಾಗುತ್ತಿತ್ತು! ದ್ವೇಷಿಸಲು ಒಂದು ಹಿಡಿಯಾದರೂ ಸಿಗುತ್ತಿತ್ತು. ದೊಡ್ಡಮುನಿಯಪ್ಪನವರು ತಟ್ಟೆಯನ್ನು ಮುಟ್ಟಿ, "ಮಂಡಿ ನೋವಪ್ಪ. ನೋಡನ ಬುಡು," ಎಂದರು.

ಮುನಿಲಕ್ಷ್ಮಮ್ಮನವರು ಅಡುಗೆಮನೆಯಿಂದಲೇ ನುಡಿದರು: "ಅವ್ರ ಮಂಡಿಗೆ ಏನೂ ಆಗಿಲ್ಲ ವಿಮಲಕ್ಕ. ಹೊಟ್ಟೆಗೆ ಏನೋ ಆಗಿರ್ಬೇಕು. ಉರೀತಾ ಐತೆ."

ಭಾನುವಾರ ಬೆಳಿಗ್ಗೆ ಬೀದಿಯ ಎರಡೂ ಕಡೆಯ ಕಾರುಗಳು ಜಾಗ ಖಾಲಿ ಮಾಡಿದವು. ಮಕ್ಕಳು ಸುಣ್ಣದಲ್ಲಿ ಗೆರೆ ಎಳೆದರು. ಚಕ್ರದ ಕಂಬ ಬಂದು ನಿಂತಿತು. ಉರುಳದಂತೆ ಅದರ ಅಚ್ಚಿನ ಮೇಲೆ ಮರಳಿನ ಚೀಲಗಳನ್ನು ಪೇರಿಸಿದರು. 'ತೋಪು ಊರಿನದು, ಅಂಗಳ ಮಕ್ಕಳದು' ಎಂಬ ಬಟ್ಟೆ ಬೀದಿಯಡ್ಡ ತೂಗುತ್ತಿತ್ತು. ಹಲಸೂರಿನಿಂದ, ಸರ್ವಜ್ಞನಗರದಿಂದ, ಜೀವನ್ ಬಿಮಾ ನಗರದಿಂದ ಮೂವರು ಮೂವರ ತಂಡಗಳು ಬಂದಿದ್ದವು. ಮಹಡಿಗಳ ಮೇಲೆಲ್ಲ ಜನ. ಇಷ್ಟು ಜನ ತನ್ನ ಆಟ ನೋಡಲು ಎಂದಾದರೂ ಸೇರಿದ್ದರೇ ಎಂದು ದೊಡ್ಡಮುನಿಯಪ್ಪನವರು ನೆನಪಿಸಿಕೊಳ್ಳಲು ಯತ್ನಿಸಿದರು, ಸೇರಿದ್ದರೆಂದೇ ತೀರ್ಮಾನಿಸಿದರು. ಕೊನೆಗೆ ಮೊದಲ ಚೆಂಡನ್ನು ಅವರೇ ಎಸೆದದ್ದೂ ಆಯಿತು. ಅದು ಬಳೆಯ ಹತ್ತಿರಕ್ಕೂ ಹೋಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅದು ವಯಸ್ಸಿಗೆ ಸಿಕ್ಕ ಚಪ್ಪಾಳೆಯೆಂಬುದು ಅವರಿಗೆ ತಿಳಿಯಿತು.

ಅಂತಿಮ ಪಂದ್ಯ ಕಗ್ಗದಾಸಪುರಕ್ಕೂ ಸರ್ವಜ್ಞನಗರಕ್ಕೂ. ಇತ್ತ ಹಂಸ, ಸಕ್ಲೇನ್, ಮಲ್ಲಪ್ಪನ ಮಗಳು ಅಂಜಲಿ. ಕೊನೆಯ ಘಳಿಗೆಯವರೆಗೂ ಸಮಸಮ. ಆಗ ಅಂಜಲಿ ಕೊಟ್ಟ ಚೆಂಡನ್ನು ಹಂಸ ಎದೆಯ ಮಟ್ಟದಲ್ಲಿ ಹಿಡಿದು, ಒಂದು ಹೆಜ್ಜೆ ಹಿಂದಕ್ಕೆ ಸರಿದು, ಮಣಿಕಟ್ಟನ್ನು ಬಾಗಿಸಿ ಬಿಟ್ಟಳು. ಆ ಮಣಿಕಟ್ಟು! ದೊಡ್ಡಮುನಿಯಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. ಅದು ಅವರದೇ ಮಣಿಕಟ್ಟು. ಹಿಂದಿನ ಸಾಲಿನಿಂದ ಎದುರಾಳಿಯ ಬರಿ ಮೂಲೆಗೆ ಉಲ್ಲನ್ ಚೆಂಡನ್ನು ಇಳಿಸುತ್ತಿದ್ದ ಅದೇ ತಿರುವು. ಚೆಂಡು ಬಳೆಯ ಅಂಚನ್ನೂ ಮುಟ್ಟದೆ ಒಳಗೆ ಬಿತ್ತು.

ಬೀದಿ ಅಬ್ಬರಿಸಿತು. ಹಂಸ ಎರಡೂ ಕೈಗಳನ್ನೆತ್ತಿ ಸುತ್ತ ತಿರುಗಿ ಒಂದು ಮುಖವನ್ನು ಹುಡುಕಿದಳು. ತಾತ ಕೈ ಎತ್ತಿದರು. ಅವಳ ಕಣ್ಣು ಅವರನ್ನು ದಾಟಿಕೊಂಡು ಹೋಗಿ, ಕಂಬದ ಪಕ್ಕದಲ್ಲಿ ನಿಂತಿದ್ದ ಮಲ್ಲಪ್ಪನ ಮೇಲೆ ನೆಟ್ಟಿತು. ಅವನು ತಲೆಯಾಡಿಸಿದ, ಅಷ್ಟೇ. ಅವಳ ಮುಖ ಹಬ್ಬದಂತೆ ಅರಳಿತು. ಎತ್ತಿದ್ದ ಕೈಯಿಂದ ದೊಡ್ಡಮುನಿಯಪ್ಪನವರು ತಮ್ಮ ಟೋಪಿ ಸರಿಪಡಿಸಿಕೊಂಡರು.

ಬಹುಮಾನ ಕೊಡುವ ಮೊದಲೇ ಸರ್ವೆಯ ಅಧಿಕಾರಿ ಬಂದರು. ಜನಜಂಗುಳಿ ಕಂಡು ಅವರಿಗೂ ಹುರುಪು ಹುಟ್ಟಿದಂತಿತ್ತು. ಜನರೆಲ್ಲ ಅವರ ಹಿಂದೆ ತೋಪಿನೊಳಕ್ಕೆ ನುಗ್ಗಿದರು. ಬಿಲ್ಡರನ ಮ್ಯಾನೇಜರನೂ ತಗಡಿನ ಬೇಲಿ ದಾಟಿ ಬಂದ. "ಕಲ್ಲು ಯಾರು ತೋರಿಸ್ತೀರಿ?" ಎಂದು ಅಧಿಕಾರಿ ಕೇಳಿದರು.

"ನಾನು ತೋರಸ್ತೀನ್ರಿ ಮೇಡಂ," ಎಂದು ಮಲ್ಲಪ್ಪ ಮುಂದೆ ನಡೆದ. "ಈ ಹುಡುಗ್ರು ಕಸ ತಗೀತಿರಬೇಕಾದ್ರ ಸಿಕ್ತು." ತೋಪಿನ ನಟ್ಟನಡುವೆ, ಕೆದಕಿದ ಮಣ್ಣಿನಲ್ಲಿ, ತಲೆ ಮುರಿದ ಒಂದು ಕಲ್ಲು ಮೊಣಕಾಲೆತ್ತರಕ್ಕೆ ನಿಂತಿತ್ತು. "ಇಲ್ಲಿಗೆ ಎಲ್ಲೆ ಅಂದ್ರ ಅರ್ಧಾ ತೋಪು ಆದ್ರೂ ಊರಿಗೆ ಉಳೀತೈತಿ. ಒಂದು ಅಂಗಳಕ್ಕ ಸಾಕ್ರಿ."

"ನಮ್ದೇನೂ ತಕರಾರಿಲ್ಲ ಮೇಡಮ್," ಎಂದು ಮ್ಯಾನೇಜರ್ ಅವಸರದಿಂದ ಒಪ್ಪಿಕೊಂಡ.

"ಸರಿ ಹಾಗಾದರೆ. ಮಲ್ಲಪ್ಪನವರು ತೋರಿಸಿದ ಕಲ್ಲು ಅಂತ ಮಹಜರು ಮಾಡ್ಕೋತೀನಿ," ಎಂದರು ಅಧಿಕಾರಿ. ಮಕ್ಕಳು ಶಿಳ್ಳೆ ಹಾಕಿದರು. ಸಕ್ಲೇನ್ ಕೂಗಿದ: "ಮಲ್ಲಪ್ಪ ಸರ್ ಕಲ್ಲು! ಮಲ್ಲಪ್ಪ ಸರ್ ಕಲ್ಲು!"

ದೊಡ್ಡಮುನಿಯಪ್ಪನವರು ಗುಂಪಿನ ಹಿಂದೆ ನಿಂತಿದ್ದವರು ಆ ಕಲ್ಲನ್ನು ಕಂಡು ದಂಗಾದರು. ಸುಮ್ಮನಿದ್ದರೆ ಆಗುತ್ತಿತ್ತು. ಮಕ್ಕಳಿಗೆ ಅರ್ಧ ತೋಪು ಸಿಗುತ್ತಿತ್ತು, ಅವರಿಗೆ ಇಡೀ ಆರತಿ ಉಳಿಯುತ್ತಿತ್ತು. ಆದರೆ ಆ ಕಲ್ಲು! ಅದನ್ನು ಹೆಗಲ ಮೇಲೆ ಹೊತ್ತು ತಂದು, ಗುಂಡಿ ತೋಡಿ ನೆಟ್ಟವರು ಅವರೇ. ಅದರ ಮೇಲುಗಡೆಗೆ ಬಲೆ ಬಿಗಿದು, ಅದರ ಬುಡದಲ್ಲೇ ಕುಳಿತು ಹಲಸೂರಿನವರ ಮೇಲೆ ಗೆದ್ದ ಸಂಜೆ ಕಡಲೆಕಾಯಿ ತಿಂದಿದ್ದರು. ಹಾಲು, ಮುದ್ದೆ, ಮೊಮ್ಮಗಳ ಕಣ್ಣು, ಎಲ್ಲವನ್ನೂ ಕೊಟ್ಟಾಗಿತ್ತು. ಈಗ ತನ್ನ ಕಲ್ಲೂ ಅವನ ಹೆಸರಿಗೆ?

"ಅದು ನಂದು ಕಣಯ್ಯಾ!" ಎಂಬ ಕೂಗು ಅವರಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಗುಂಪು ಸೀಳಿಕೊಂಡು ಮುಂದೆ ಬಂದರು. "ಎಲ್ಲೆಕಲ್ಲೂ ಅಲ್ಲ, ಯಾವ್ ಕಲ್ಲೂ ಅಲ್ಲ. ಅದು ನಮ್ ಬಾಲ್ ಬ್ಯಾಡ್ಮಿಂಟನ್ ಬಲೆ ಕಟ್ಟೋ ಕಲ್ಲುಕೂಚ. ನಾನೇ ನೆಟ್ಟಿದ್ದು. ಬೇಕಾದ್ರೆ ಅಗ್ದು ನೋಡಿ, ಬುಡದಾಗೆ ಬಲೆಯ ಕೆಳಗಿನ ಹಗ್ಗ ಕಟ್ಟೋ ತೂತು ಐತೆ."

ಸಕ್ಲೇನ್ ಮಣ್ಣು ಕೆದಕಿದ. ತೂತು ಇತ್ತು. ಮ್ಯಾನೇಜರನ ಮುಖ ಇನ್ನೂ ಅರಳಿತು. "ಅಂದ್ರೆ ಎಲ್ಲೆಕಲ್ಲೇ ಇಲ್ಲ ಮೇಡಮ್. ಎಲ್ಲಾ ನಮ್ದೇ ಆಯ್ತು."

ಮಲ್ಲಪ್ಪ ಮೊದಲ ಬಾರಿಗೆ ಎಲ್ಲರೆದುರು ತಲೆ ತಗ್ಗಿಸಿದ. ಆ ನೋಟಕ್ಕಾಗಿ ದೊಡ್ಡಮುನಿಯಪ್ಪನವರು ತಿಂಗಳುಗಟ್ಟಲೆ ಕಾದಿದ್ದರು. ಸಿಕ್ಕಿದ ಮೇಲೆ ಅದು ಒಂದು ಕ್ಷಣವೂ ಬಾಳಲಿಲ್ಲ. ಹಂಸ ಅವರ ಎದುರು ಬಂದು ನಿಂತಿದ್ದಳು.

"ತಾತ, ಇದಲ್ಲ ಅಂತ ನಿಮಗೆ ಗೊತ್ತಿದೆ ಅಂದ್ರೆ, ಅದು ಎಲ್ಲಿದೆ ಅಂತಾನೂ ಗೊತ್ತು. ಅಲ್ವಾ?"

ಅವಳು ನೋಡುತ್ತಿದ್ದುದು ಅವರನ್ನೇ, ಅವರೊಬ್ಬರನ್ನೇ. ಚೆಂಡು ಬಳೆಯೊಳಗೆ ಬಿದ್ದಾಗ ಅವಳು ಮಲ್ಲಪ್ಪನ ಮುಖದಲ್ಲಿ ಹುಡುಕಿದ್ದು ಯಾವುದನ್ನೋ, ಈಗ ಅದನ್ನೇ ಅವರ ಮುಖದಲ್ಲಿ ಹುಡುಕುತ್ತಿದ್ದಳು. ಬೇವಿನ ಮರದ ಕೆಳಗೆ ಮುನಿಲಕ್ಷ್ಮಮ್ಮನವರು, ತಂಡ ಗೆದ್ದಿತೆಂದು ದೇವಿಗೆ ಹೂವೇರಿಸುತ್ತಿದ್ದರು. ಗೊತ್ತಿಲ್ಲವೆಂದರೆ ಆ ಹೂವು ಹಾಗೆಯೇ ಉಳಿಯುತ್ತದೆ. ಈ ನೋಟ ಹೋಗಿ ಮತ್ತೆ ಮಲ್ಲಪ್ಪನ ಕಡೆಗೆ ತಿರುಗುತ್ತದೆ.

"ನಿನ್ ನೀರಿನ ಬಾಟ್ಲಿ ಕೊಡ್ಲಾ," ಎಂದು ಅವರು ಸಕ್ಲೇನ್‌ನ ಕೈಯಿಂದ ಬಾಟಲಿ ಕಿತ್ತುಕೊಂಡು ಬೇವಿನ ಮರದತ್ತ ನಡೆದರು. ಮಂಡಿನೋವು ಎಲ್ಲಿ ಹೋಯಿತೋ ತಿಳಿಯದು.

"ಏನ್ ಮಾಡ್ತಿದೀರ?" ಎಂದು ಹೆಂಡತಿ ಗಾಬರಿಯಾದರು.

"ವಸಿ ಆ ಕಡೀಕೆ ನಿಂತ್ಕ."

ಕೈಮುಗಿದು, ಬೆಳ್ಳಿಯ ಕಣ್ಣುಗಳನ್ನು ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟರು. ಕಲ್ಲಿನ ನೆತ್ತಿಯ ಮೇಲೆ ನೀರು ಸುರಿದು, ಪಂಚೆಯ ಅಂಚಿನಿಂದ ಉಜ್ಜಿದರು. ಅರಿಶಿನ ಪದರ ಪದರವಾಗಿ ಕರಗಿ ಹರಿಯಿತು. ಕೆಳಗೆ ಕಪ್ಪು ಕಲ್ಲು. ನೆತ್ತಿಯ ಮೇಲೆ ಉಳಿಯಿಂದ ಕೊರೆದ, ಒಂದಕ್ಕೊಂದು ಅಡ್ಡ ಹಾಯುವ ಎರಡು ಗೆರೆಗಳು. ಸರ್ವೆಯ ಗುರುತು.

"ನಮ್ಮಪ್ಪ ಬಳಿದಿದ್ದು," ಎಂದರು ದೊಡ್ಡಮುನಿಯಪ್ಪನವರು. "ಯಾರೂ ಕೀಳ್ದೇ ಇರ್ಲಿ ಅಂತ. ಕನಸು ಗಿನಸು ಏನೂ ಬಿದ್ದಿರ್ನಿಲ್ಲ."

ಅಧಿಕಾರಿ ಬಗ್ಗಿ ನೋಡಿ, ನಕ್ಷೆ ಬಿಡಿಸಿದರು. ಅಳೆಯುವವರು ಬೇವಿನ ಬುಡದಿಂದ ಅಳೆಯತೊಡಗಿದರು. ತೋಪು ಪೂರ್ತಿ ಊರಿನದೇ ಆಗಿತ್ತು. ತಗಡಿನ ಬೇಲಿಯೂ ಒಂದಿಷ್ಟು ಹಿಂದಕ್ಕೆ ಸರಿಯಬೇಕಿತ್ತು. ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಹೊರಟ. ಆ ಗದ್ದಲದ ನಡುವೆ ಮುನಿಲಕ್ಷ್ಮಮ್ಮನವರ ದನಿಯೊಂದೇ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಂದ್ರೆ ನಾನು ಮದ್ವೆ ಆಗ್ ಬಂದಾಗ್ನಿಂದ ಸರ್ವೆ ಕಲ್ಗೆ ಮೊಸರನ್ನ ಇಕ್ತಾ ಇದ್ನಾ? ಗೊತ್ತಿದ್ದೂ ಸುಮ್ಕಿದ್ರಾ? ಮನೇಗ್ ಬನ್ನಿ, ಐತೆ ನಿಮ್ಗೆ!"

ಹಂಸ ಓಡಿಬಂದು ತಾತನನ್ನು ತಬ್ಬಿಕೊಂಡಳು. ಬೆವರಿನಿಂದ ತೊಯ್ದ ಅವಳ ಹಣೆ ಅವರ ಗದ್ದಕ್ಕೆ ಡಿಕ್ಕಿ ಹೊಡೆಯಿತು. ಅವರು ಆ ಸುಖವನ್ನು ಪೂರ್ತಿ ಅನುಭವಿಸುವಷ್ಟರಲ್ಲಿ ಮಲ್ಲಪ್ಪ ಬಂದು, "ನನ್ನ ತಪ್ಪಾತ್ರಿ ಯಜಮಾನ್ರ. ನೀವು ಇರಲಿಲ್ಲಂದ್ರ ಅರ್ಧಾ ತೋಪು ನಾನಾ ಕಳೀತಿದ್ದೆ," ಎಂದು ಎಲ್ಲರೆದುರು ಬಗ್ಗಿ ಅವರ ಕಾಲು ಮುಟ್ಟಿದ. ಜನರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕಲ್ಲು ತೋರಿಸಿದವರಿಗೋ, ಕಾಲು ಮುಟ್ಟಿದವನಿಗೋ ಎಂಬುದು ದೊಡ್ಡಮುನಿಯಪ್ಪನವರಿಗೆ ಕೊನೆಗೂ ಖಚಿತವಾಗಲಿಲ್ಲ.

ಊರಹಬ್ಬ ಬಂತು. ಹೆಂಗಸರು ಬೇವಿನ ಬುಡಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ಕಲ್ಲು ಸರ್ಕಾರದ್ದಾದರೂ ಅರಿಶಿನ ತಮ್ಮದೇ ಎಂದು ಮುನಿಲಕ್ಷ್ಮಮ್ಮನವರೇ ಹೇಳಿ ಬೆಳ್ಳಿಯ ಕಣ್ಣುಗಳನ್ನು ಮರಳಿ ಇಟ್ಟಿದ್ದರು. ಆದರೆ ಮನೆಯ ಸರದಿ ಹೋಯಿತು. ಯಾರು ಮೊದಲು ಬರುವರೋ ಅವರ ಆರತಿ ಮೊದಲು ಎಂದಾಯಿತು. ಕೋಳಿ ಕೂಗುವ ಮೊದಲೇ ಏಳುವ ಅಭ್ಯಾಸದ ವಿಮಲಾಕ್ಷಿ ಮೊದಲ ಆರತಿ ಎತ್ತಿದಳು. ಮುನಿಲಕ್ಷ್ಮಮ್ಮನವರು ಅವಳ ಹಿಂದೆ ಮಾತಾಡಿಕೊಂಡು ನಗುತ್ತ ನಿಂತಿದ್ದರು. ಇಡೀ ಬೀದಿಯಲ್ಲಿ ಆ ದೃಶ್ಯಕ್ಕೆ ಉರಿದವರು ಒಬ್ಬರೇ.

ಆ ಸಂಜೆ ಹಂಸ ಗೋಡೆಯ ಮೊಳೆಯಿಂದ ರ‍್ಯಾಕೆಟ್ಟನ್ನು ಇಳಿಸಿ ಧೂಳು ಒರೆಸಿದಳು. "ಬನ್ನಿ ತಾತ. ಹೊಸ ಉಲ್ಲನ್ ಚೆಂಡು ತಂದಿದೀವಿ. ಕಲಿಸ್ತೀನಿ ಅಂದ್ರೆ ಎಲ್ರೂ ರೆಡಿ."

ತೋಪಿನಲ್ಲಿ ಕ್ರೀಡಾಕೇಂದ್ರದ ತಳಪಾಯಕ್ಕೆ ಸುಣ್ಣದ ಗೆರೆಗಳು ಬಿದ್ದಿದ್ದವು. ತಲೆ ಮುರಿದ ಕಲ್ಲುಕೂಚಕ್ಕೆ ಸಕ್ಲೇನ್ ಕೊಳವೆಯೊಂದನ್ನು ಬಿಗಿದು ಎತ್ತರಿಸಿ, ಅದಕ್ಕೂ ಚಕ್ರದ ಕಂಬಕ್ಕೂ ನಡುವೆ ಬಲೆ ಕಟ್ಟಿದ್ದ. ಬಲೆಯ ಆಚೆ ಐವರು, ಅವರಲ್ಲಿ ಎಲ್ಲರಿಗಿಂತ ಮುಂದೆ ಪ್ಯಾಂಟಿನ ಕಾಲು ಮಡಿಚಿಕೊಂಡ ಮಲ್ಲಪ್ಪ. ದೊಡ್ಡಮುನಿಯಪ್ಪನವರು ಹಳದಿ ಚೆಂಡನ್ನು ಬೆರಳುಗಳಲ್ಲಿ ಒಮ್ಮೆ ಹಿಂಡಿ ನೋಡಿ, ಹೊಡೆದರು. ಮಲ್ಲಪ್ಪ ಬೀಸಿದ; ಚೆಂಡು ಅವನ ಕಿವಿಯ ಪಕ್ಕ ಹಾದುಹೋಯಿತು. ಇನ್ನೊಂದು ಅವನ ಹೊಟ್ಟೆಗೆ ಬಡಿಯಿತು. ಮತ್ತೊಂದಕ್ಕೆ ಅವನು ಎಡವಿ ಮಣ್ಣಿನಲ್ಲಿ ಕುಳಿತ. ಬೀದಿಗೆ ಬೀದಿಯೇ ನಕ್ಕಿತು. "ಸರ್, ಸ್ವೆಟರ್ ಚೆಂಡು ಸಾರ್ ಅದು!" ಎಂದು ಸಕ್ಲೇನ್ ಹೊಟ್ಟೆ ಹಿಡಿದುಕೊಂಡ.

ದೊಡ್ಡಮುನಿಯಪ್ಪನವರಿಗೆ ಜನ್ಮ ಸಾರ್ಥಕವೆನಿಸಿತು.

ಹಂಸ ಬಲೆಯ ಕೆಳಗೆ ತೂರಿ ಓಡಿ, ಮಲ್ಲಪ್ಪನ ಕೈ ಹಿಡಿದು ಎಬ್ಬಿಸಿದಳು. ಅವನ ಬೆನ್ನಿನ ಮಣ್ಣು ಕೊಡವುತ್ತ ಇತ್ತ ತಿರುಗಿ, "ತಾತ, ಸ್ವಲ್ಪ ಮೆಲ್ಲಗೆ ಹೊಡೀರಿ. ಪಾಪ ಸರ್‌ಗೆ ಪೆಟ್ಟಾಗತ್ತೆ!" ಎಂದಳು.

ದೊಡ್ಡಮುನಿಯಪ್ಪನವರು ರ‍್ಯಾಕೆಟ್ಟಿನ ಹಿಡಿಯನ್ನು ಬಿಗಿಗೊಳಿಸಿದರು. ಮುಂದಿನ ಚೆಂಡನ್ನು ಇನ್ನೂ ಜೋರಾಗಿ ಹೊಡೆದರು.